ಎಣಿಸಬಾರದ ಮಂದೆ

ಕೂಡ್ಲಿಗಿ

ನಾರ್ವೆಗೆ ಹೋಗಿಬಂದೆ ಎಂದ ಕೂಡಲೇ ನಮ್ಮ ಕೂಡ್ಲಿಗಿ ಕೋರ್ಟಿನ ಬೇವಿನಮರದ ಕೆಳಗೆ ಎಲ್ಲರೂ ಕೇಳುವುದು ಒಂದೇ, "ಚಳಿ ಭಾಳ ಇತ್ತೇನ್ರಿ ಮೇಡಮ್?" ಇತ್ತು. ಮೂಗು ಇದೆಯೋ ಇಲ್ಲವೋ ಎಂದು ಆಗಾಗ ಮುಟ್ಟಿ ನೋಡಿಕೊಳ್ಳುವಷ್ಟು ಇತ್ತು. ಆದರೆ ಅಲ್ಲಿಂದ ಹೊರಡುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು, ಸಿಟ್ಟಿಗೆ. ಊರಿಗೆ ಬಂದ ಮೇಲೆ ಅದು ಇಮ್ಮಡಿಯಾಯಿತು. ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಜೊತೆ ಬಂದವನು ನನ್ನ ತಾಯಿಯ ತಮ್ಮ, ಓಬಯ್ಯ ಮಾವ. ಗುಡೇಕೋಟೆಯ ಆಚೆ, ಕುರುಚಲು ಗುಡ್ಡಗಳ ಸಂದಿಯಲ್ಲಿರುವ ನಮ್ಮ ಹಟ್ಟಿಯಲ್ಲಿ ಅವನು ದೇವರ ಎತ್ತುಗಳ ಕಿಲಾರಿ. ಎಂದರೆ ಅವನ್ನು ಮೇಯಿಸಿ, ನೀರು ಕುಡಿಸಿ, ಕಾಯುವವನು. ಮ್ಯಾಸ ನಾಯಕ ಬುಡಕಟ್ಟಿನವರಾದ ನಮಗೆ ಈ ದನಗಳು ದೇವರ ಮನೆಯ ಮಂದಿ. ಅವುಗಳ ಹೆಗಲಿಗೆ ನೊಗ ಇಡುವಂತಿಲ್ಲ, ಸಂತೆಗೆ ಹೊಡೆಯುವಂತಿಲ್ಲ, ಸತ್ತರೆ ಮನುಷ್ಯರಂತೆ ಮಣ್ಣು ಮಾಡಬೇಕು. ಅವು ಮಲಗುವ ಮುಳ್ಳುಬೇಲಿಯ ದೊಡ್ಡಿಗೆ ನಾವು ರೊಪ್ಪ ಎನ್ನುತ್ತೇವೆ. ರೊಪ್ಪದೊಳಗೆ ಚಪ್ಪಲಿ ಹಾಕಿ ಹೋಗುವಂತಿಲ್ಲ. ಇನ್ನೊಂದು ಕಟ್ಟಳೆ ಅದಕ್ಕಿಂತ ದೊಡ್ಡದು. ದೇವರ ಮಂದೆಯನ್ನು ಎಣಿಸಬಾರದು. ಕಿಲಾರಿಯಾದವನು ಎಣಿಕೆ ಬಾಯಿಬಿಟ್ಟು ಹೇಳಿದರೆ ಅವನು ಮತ್ತೆ ಆ ರೊಪ್ಪಕ್ಕೆ ಕಾಲಿಡುವ ಹಾಗಿಲ್ಲ. ಅಲ್ಲಿಗೆ ಅವನ ಕಿಲಾರಿಕೆ ಮುಗಿಯಿತು.

ಹಟ್ಟಿಯ ಹಿಂದಿನ ಗುಡ್ಡ ಈ ಮಂದೆ ಮೇಯುವ ಜಾಗ. ಒಂದು ದಿನ ಆ ಗುಡ್ಡಕ್ಕೆ ಅರಣ್ಯ ಇಲಾಖೆಯ ತಂತಿಬೇಲಿ ಬಿತ್ತು. ಕಾಡಿನ ಹುಲ್ಲಿನ ಮೇಲೆ ಬುಡಕಟ್ಟು ಜನಕ್ಕೆ ಇರುವ ಹಕ್ಕನ್ನು ಕಾಯ್ದೆಯೇ ಒಪ್ಪಿಕೊಂಡಿದೆ. ಗ್ರಾಮಸಭೆ ಸೇರಿಸಿ, ಹಿರಿಯರ ಹೇಳಿಕೆ ತೆಗೆದು, ನಾನೇ ಅರ್ಜಿ ಹಾಕಿದೆ. ಎಲ್ಲ ಸರಿಯಾಗಿತ್ತು. ವಿಚಾರಣೆಯ ಅಧಿಕಾರಿ ಮಾತ್ರ ಒಂದು ಕಡೆ ಕಚ್ಚಿಕೊಂಡು ಕೂತರು. ದನ ಎಷ್ಟು?

"ನಮ್ಮಾಗ ಎಣಿಸಂಗಿಲ್ರಿ ಸಾಹೇಬ್ರ," ಎಂದ ಮಾವ.

"ಎಷ್ಟಿವೆ ಅಂತ ಗೊತ್ತಿಲ್ಲದೆ ಎಷ್ಟು ಗುಡ್ಡ ಬೇಕು ಅಂತ ನಾನು ಹೇಗಪ್ಪ ಬರೀಲಿ? ಮುಂದಿನ ಸಲ ಲೆಕ್ಕ ಹೇಳು. ಇಲ್ಲಾಂದ್ರೆ ಅರ್ಜಿ ಮುಚ್ಚುತೀನಿ."

ಕಾಯ್ದೆಯನ್ನು ನಾನು ಓದಿದ್ದೇನೆ. ತಲೆ ಎಣಿಸಿ ಕೊಟ್ಟರೆ ಮಾತ್ರ ಹಕ್ಕು ಎಂಬ ಸಾಲು ನನಗೆ ಅದರಲ್ಲಿ ಎಲ್ಲೂ ಕಂಡಿಲ್ಲ. ಹಾಗೆಂದು ಹೇಳಿದೆ. ಅಧಿಕಾರಿ ಫ್ಯಾನಿನ ಕಡೆ ನೋಡಿದರು.

ಇದೇ ಹೊತ್ತಿಗೆ ನಾರ್ವೆಯ ಉತ್ತರದ ತುದಿಯಲ್ಲಿ ಸಾಮಿ ಎಂಬ ಮೂಲನಿವಾಸಿಗಳು ಕರೆದ ದನಗಾಹಿಗಳ ಕೂಟಕ್ಕೆ ನಮಗೆ ಆಹ್ವಾನ ಬಂತು. ಅವರು ಹಿಮಸಾರಂಗ ಮೇಯಿಸುವವರು. ಹೋಗುವುದೋ ಬೇಡವೋ ಎಂದು ನಾನು ಅಳೆದು ಸುರಿಯುತ್ತಿದ್ದಾಗ ಮಾವನೇ ನಿರ್ಧಾರ ಮಾಡಿದ. "ಅವ್ರೂ ಮಂದೆ ಕಾಯೋರಂತಲ್ಲ. ಸರ್ಕಾರದೋರು ಕೇಳಿದಾಗ ಅವ್ರು ಏನಂತ ಹೇಳ್ತಾರ, ಕೇಳ್ಕೊಂಡು ಬರೋಣು ನಡಿ ಯವ್ವಾ."

ಆಕಾಶದಲ್ಲಿ

ನಾವು ಮ್ಯಾಸರು ಕೋಳಿ ಮುಟ್ಟುವವರಲ್ಲ. ವಿಮಾನದ ಹುಡುಗಿ ನಗುನಗುತ್ತ ತಂದಿಟ್ಟದ್ದು ಕೋಳಿಯೇ. ಮಾವ ತಟ್ಟೆಯ ಮುಚ್ಚಳ ಎತ್ತಿ, ಮೂಸಿ, ಮತ್ತೆ ಮುಚ್ಚಿ, ಪಕ್ಕದ ಸೀಟಿನ ದಡೂತಿ ಬಿಳಿಯನ ಮುಂದೆ ಸರಿಸಿದ. ಆತ ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಆತ ಎರಡು ತಟ್ಟೆಯನ್ನೂ ಮುಗಿಸಿದ. ಮಾವ ಕಂಬಳಿ ಗಂಟು ಬಿಚ್ಚಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದ. ಹಿಂದಿನ ಸಾಲಿನವರೆಗೆ ಬೆಳ್ಳುಳ್ಳಿ ವಾಸನೆ ಹೋಯಿತು. ಯಾರೂ ತಕರಾರು ಮಾಡಲಿಲ್ಲ, ಆ ಬಿಳಿಯನಂತೂ ಚಟ್ನಿಗೂ ಕೈಯೊಡ್ಡಿದ.

ಆದರೆ ಕೋಲಿನ ವಿಷಯದಲ್ಲಿ ಯಾರೂ ಕರುಣೆ ತೋರಲಿಲ್ಲ. ಕಿಲಾರಿ ಕೋಲು ಬಿಟ್ಟು ಹೊಸ್ತಿಲು ದಾಟುವುದಿಲ್ಲ. ತಪಾಸಣೆಯವರು ಅದನ್ನು ಕಿತ್ತುಕೊಂಡು ಸಾಮಾನಿನ ಜೊತೆ ಕೆಳಗೆ ಹಾಕಿದರು. ನಾವು ಇಳಿದಾಗ ಪೆಟ್ಟಿಗೆಗಳು ಬಂದವು, ಕೋಲು ಬರಲಿಲ್ಲ. ಮಾವ ಸಾಮಾನು ತಿರುಗುವ ಪಟ್ಟಿಯ ಮುಂದೆ ಬಹಳ ಹೊತ್ತು ನಿಂತ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಾಗಿದ್ದರೆ ಕಂಡಕ್ಟರನ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಇಲ್ಲಿ ಒಬ್ಬಳು ಕಂಪ್ಯೂಟರು ನೋಡುತ್ತ, ನಿಮ್ಮ ಕೋಲು ಯಾವ ಬಣ್ಣ ಎಂದು ಕೇಳಿದಳು. ಬಿದಿರಿನ ಬಣ್ಣ ಎಂದೆ.

ಮಾರಿತಳ ಅಡುಗೆಮನೆ

ಕೂಟಕ್ಕೆ ಬಂದ ನಮ್ಮನ್ನು ಮನೆಯಲ್ಲಿಟ್ಟುಕೊಂಡವಳ ಹೆಸರು ಮಾರಿತ್. ಮಾವನ ವಯಸ್ಸಿನ ಹೆಂಗಸು, ಗಟ್ಟಿ ಆಳು. ಹೆಸರು ಕೇಳಿದ ಗಳಿಗೆಯಿಂದ ಮಾವನ ಬಾಯಲ್ಲಿ ಅವಳು ಮಾರೆವ್ವ ಆದಳು. ಮಗಳು ಇಂಗಾ ಇಂಗ್ಲಿಷ್ ಬಲ್ಲವಳು. ಮಾರಿತ್ ಸಾಮಿ ಭಾಷೆಯಲ್ಲಿ ಹೇಳಿದ್ದನ್ನು ಇಂಗಾ ನನಗೆ, ನಾನು ಮಾವನಿಗೆ. ಹೀಗೆ ಪ್ರತಿ ಮಾತೂ ಮೂರು ಬಾಯಿ ದಾಟಿ ಬರುತ್ತಿತ್ತು. ಅಷ್ಟರಲ್ಲಿ ಅವರಿಬ್ಬರೂ ಕೈಸನ್ನೆಯಲ್ಲಿ ಮುಂದಿನ ಮಾತಿಗೆ ಹೋಗಿರುತ್ತಿದ್ದರು.

ಅವರು ಕಾಫಿಗೆ ಗಿಣ್ಣಿನಂಥ ಒಂದು ಗಟ್ಟಿ ಚೀಸನ್ನು ತುಂಡು ಮಾಡಿ ಹಾಕಿಕೊಳ್ಳುತ್ತಾರೆ. ಕಾಫಿ ಕುಡಿದಾದ ಮೇಲೆ ತಳದಲ್ಲಿ ನೆನೆದದ್ದನ್ನು ಚಮಚದಲ್ಲಿ ತೆಗೆದು ತಿನ್ನುತ್ತಾರೆ. ನಾವು ಚಹಾಕ್ಕೆ ಮಂಡಕ್ಕಿ ಹಾಕಿಕೊಂಡು ತಿನ್ನುವುದನ್ನು ನಾನು ಹೇಳಿದೆ. ಇಂಗಾ ಅದು ವಿಚಿತ್ರ ಎಂದಳು.

ಮಾತು ಹೀಗೆ ಸಲೀಸಾಗಿ ಸಾಗಿರುವಾಗ ನಾನು ಸುಮ್ಮನೆ, ಮಾತು ಮುಂದುವರಿಸಲು ಕೇಳಿದೆ, "ನಿಮ್ಮ ಹತ್ತಿರ ಹಿಮಸಾರಂಗ ಎಷ್ಟಿವೆ?"

ಇಂಗಾ ಅದನ್ನು ತಾಯಿಗೆ ದಾಟಿಸಲಿಲ್ಲ. ಕಪ್ಪಿನೊಳಗೆ ನೋಡುತ್ತ ಕೂತಳು. ಮಾರಿತಳಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತೆಂದು ಕಾಣುತ್ತದೆ, ಎದ್ದು ಹೋಗಿ ಒಲೆಗೆ ಕಟ್ಟಿಗೆ ಹಾಕಿದಳು. ಒಲೆ ಆಗಲೇ ಧಗಧಗ ಉರಿಯುತ್ತಿತ್ತು.

"ಏನ್ ಕೇಳಿದಿ ಅವ್ರಿಗೆ?" ಎಂದ ಮಾವ. ಹೇಳಿದೆ.

"ಹುಚ್ಚಿ, ಅದನ್ನ ಕೇಳ್ತಾರೇನು? ಆ ಸಾಹೇಬಗ ಬೈಕೊಂತ ಇಷ್ಟು ದೂರ ಬಂದಿ. ಬಂದು ಅವನಂಗs ಕೇಳ್ತಿಯಲ್ಲ."

ನನ್ನ ಮುಖ ಕೆಂಪಾದದ್ದನ್ನು ನೋಡಿ ಇಂಗಾ ಮೆಲ್ಲಗೆ ವಿವರಿಸಿದಳು. ಅವರಲ್ಲಿ ಮಂದೆ ಎಷ್ಟು ದೊಡ್ಡದು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಒರಟುತನ, ಹೇಳಿದರೆ ಜಂಬ. ಸರ್ಕಾರಕ್ಕೆ ವರ್ಷಕ್ಕೊಮ್ಮೆ ಬರೆದುಕೊಡುವ ಕಟ್ಟುಪಾಡು ಇದೆ, ಬರೆದುಕೊಡುತ್ತಾರೆ. ಬಾಯಲ್ಲಿ ಆಡುವುದಿಲ್ಲ. ಇದನ್ನು ಮಾವನಿಗೆ ಹೇಳಿದಾಗ ಅವನು ಮಾರಿತಳ ಕಡೆ ತಿರುಗಿ ಕೈ ಮುಗಿದ. ಅವಳು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಆ ರೊಟ್ಟಿ ನಮ್ಮದರಂತೆಯೇ ದುಂಡಗಿತ್ತು, ತುಸು ದಪ್ಪ, ತುಸು ಸಿಹಿ.

ಮಾರಿತಳ ಮಂದೆಯ ದೊಡ್ಡಿ

ಮಾರನೆಯ ದಿನ ಮಂದೆಯನ್ನು ದೊಡ್ಡಿಗೆ ತಂದಿದ್ದರು. ಹಿಮದ ಮೇಲೆ ಉದ್ದಕ್ಕೂ ಬೇಲಿ. ಒಳಗೆ ಹಿಮಸಾರಂಗಗಳು ಒಂದೇ ದಿಕ್ಕಿಗೆ ಗುಂಡಗೆ ಸುತ್ತುತ್ತಿದ್ದವು. ಅವು ನಡೆಯುವಾಗ ಕಾಲ ಗಿಣ್ಣಿನಿಂದ ಟಕ್ ಟಕ್ ಎಂದು ಸದ್ದು ಬರುತ್ತದೆ. ಪ್ರತಿ ಮನೆತನಕ್ಕೂ ತನ್ನದೇ ಗುರುತು, ಕಿವಿಯಂಚನ್ನು ಚಾಕುವಿನಿಂದ ಕೊಯ್ದು ಮಾಡಿದ್ದು. ಅಷ್ಟು ದೂರದಿಂದ ಆ ಕಿವಿಗಳನ್ನು ಓದುವುದು ಅವರಿಗೆ ಹೇಗೆ ಸಾಧ್ಯವೋ ನನಗೆ ತಿಳಿಯಲಿಲ್ಲ.

ನಾನು ಫೋಟೊ ತೆಗೆಯುತ್ತ ನಿಂತಿದ್ದೆ. ಹಿಂದಿನಿಂದ ಇಂಗಾ ಕಿರುಚಿದ್ದು ಕೇಳಿಸಿತು. ತಿರುಗಿ ನೋಡಿದರೆ ಮಾವ ದೊಡ್ಡಿಯ ಬಾಗಿಲಲ್ಲಿ ಕೂತು, ಅವರೇ ಕೊಟ್ಟಿದ್ದ ಬೂಟು, ಎರಡು ಜೊತೆ ಕಾಲುಚೀಲ, ಎಲ್ಲವನ್ನೂ ಕಳಚಿ ಒಪ್ಪವಾಗಿ ಬದಿಗಿಟ್ಟು, ಬರಿಗಾಲಲ್ಲಿ ಹಿಮದ ಮೇಲೆ ಎದ್ದು ನಿಂತಿದ್ದಾನೆ.

"ಮಾವ, ಬೂಟು ಹಾಕ್ಕೋ. ಕಾಲು ಸತ್ತು ಹೋಗ್ತಾವ."

"ರೊಪ್ಪದಾಗ ಹೆಂಗ್ ಹಾಕ್ಕೊಂಡು ಹೋಗ್ಲಿ?"

"ಇದು ನಮ್ಮ ರೊಪ್ಪ ಅಲ್ಲ."

"ಯಾರದಾದ್ರೇನು, ರೊಪ್ಪ ರೊಪ್ಪನs."

ಹೇಳಿ ಎರಡು ಹೆಜ್ಜೆ ಒಳಗೆ ಹೋಗಿಯೂ ಬಿಟ್ಟ. ಮಾರಿತ್ ಬೇಲಿಯ ಆ ಕಡೆಯಿಂದ ಬೈಯುತ್ತ ಓಡಿಬಂದಳು. ಯಾವ ಭಾಷೆಯಾದರೂ ಬೈಗುಳ ಅರ್ಥವಾಗುತ್ತದೆ. ಅವಳು ಅವನ ರಟ್ಟೆ ಹಿಡಿದು ಹೊರಗೆಳೆದು, ಕೂರಿಸಿ, ಅವನ ಪಾದಗಳನ್ನು ತನ್ನ ಕೈಗವಸಿನಿಂದ ಗಸಗಸ ತಿಕ್ಕಿದಳು. ನಾನು ಕಾರಣ ವಿವರಿಸಿದೆ. ಅವಳು ತಿಕ್ಕುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಆಮೇಲೆ ತನ್ನ ಚೀಲದಿಂದ ಒಣಹುಲ್ಲಿನ ಹಿಡಿ ತೆಗೆದಳು. ಅವರ ಹಿರಿಯರು ಕಾಲುಚೀಲದ ಬದಲು ಬೂಟಿನೊಳಗೆ ಹುಲ್ಲು ತುಂಬಿಕೊಳ್ಳುತ್ತಿದ್ದರಂತೆ. ಆ ಹುಲ್ಲನ್ನು ಅವನ ಪಾದಕ್ಕೆ ಸುತ್ತಿ ಬಟ್ಟೆಯಿಂದ ಬಿಗಿದು ಕಟ್ಟಿದಳು.

"ಇದು ಚಪ್ಪಲಿ ಅಲ್ಲ, ಹುಲ್ಲು," ಎಂದಳು. ಇಂಗಾ ಹೇಳಿದಳು, ನಾನು ಹೇಳಿದೆ.

ಮಾವ ಯೋಚಿಸಿದ. "ಹುಲ್ಲಾದ್ರ ಅಡ್ಡಿಯಿಲ್ಲ." ಸ್ವಲ್ಪ ಹೊತ್ತು, ಅವಳು ಬಿಟ್ಟಷ್ಟು ಹೊತ್ತು ಮಾತ್ರ, ಆ ಮಂದೆಯ ನಡುವೆ ನಿಂತು ಬಂದ. ಆ ಸಂಜೆಯೇ ಒಬ್ಬಾತ ಹಿಮದ ಗಾಡಿಯಲ್ಲಿ ಮಾವನ ಕೋಲನ್ನು ತಂದು ಕೊಟ್ಟ. ಬಣ್ಣ ಬಿದಿರಿನದೇ ಎಂದು ನನ್ನಿಂದ ಸಹಿ ಹಾಕಿಸಿಕೊಂಡ.

ತಿರುಗುವ ರೆಕ್ಕೆಗಳ ಗುಡ್ಡ

ಮಾರಿತಳ ಚಳಿಗಾಲದ ಮೇವು ಒಂದು ಬೋಳುಗುಡ್ಡದ ಮೇಲಿದೆ. ಹಿಮದ ಕೆಳಗೆ ಪಾಚಿಯಂಥದ್ದು ಬೆಳೆಯುತ್ತದೆ, ಹಿಮಸಾರಂಗ ಗೊರಸಿನಿಂದ ಕೆರೆದು ತಿನ್ನುತ್ತದೆ. ಗುಡ್ಡ ಹತ್ತಿ ನೋಡಿದರೆ ಮೇಲೆಲ್ಲ ಗಾಳಿಯಂತ್ರಗಳು. ನನಗೆ ಒಂದು ಕ್ಷಣ ಹರಪನಹಳ್ಳಿಯಿಂದ ಹಡಗಲಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕೂತ ಹಾಗೆ ಆಯಿತು. ಅದೇ ಬಿಳಿ ಕಂಬ, ಅದೇ ರೆಕ್ಕೆ, ಅದೇ ಹುಂ ಎನ್ನುವ ಸದ್ದು.

ರೆಕ್ಕೆ ತಿರುಗುವ ಕಡೆ ಹಿಮಸಾರಂಗ ಸುಳಿಯುವುದಿಲ್ಲವಂತೆ. ಕೇಸು ಹಾಕಿದರು. ಮೇಲಿನ ಕೋರ್ಟು ಮಾರಿತಳ ಪರವಾಗಿ ತೀರ್ಪನ್ನೂ ಕೊಟ್ಟಿತು. ಇವರ ಮೇವಿನ ಹಕ್ಕನ್ನು ತುಳಿದು ಪರವಾನಗಿ ಕೊಟ್ಟದ್ದು ತಪ್ಪು ಎಂದಿತು.

"ಮತ್ತ ಇನ್ನೂ ತಿರುಗಾಕತ್ತಾವಲ್ಲ?" ಎಂದ ಮಾವ.

ಇಂಗಾ ಭುಜ ಕುಣಿಸಿದಳು. ತೀರ್ಪು ಬಂದು ಎರಡು ಚಳಿಗಾಲ ಕಳೆದಿವೆ. ತಪ್ಪಾಗಿದೆ ಎಂದು ಕೋರ್ಟು ಹೇಳಿತು, ಕಿತ್ತುಹಾಕಿ ಎಂದು ಹೇಳಲಿಲ್ಲ. ಈಗ ಏನು ಮಾಡಬೇಕು ಎನ್ನುವುದಕ್ಕೆ ಬೇರೆ ಕೇಸು.

ನಾನು ಕರಿಕೋಟು ಹಾಕಿಕೊಂಡು ಅನ್ನ ತಿನ್ನುವವಳು. ಗೆದ್ದ ಮೇಲೂ ಸೋಲುವುದು ನಮ್ಮ ಕಡೆಯ ರೋಗ, ಶ್ರೀಮಂತ ದೇಶದಲ್ಲಿ ತೀರ್ಪು ಎಂದರೆ ತೀರ್ಪು ಎಂದು ನಂಬಿಕೊಂಡಿದ್ದೆ. ನನ್ನ ಗಂಡನ ಮನೆ ಹಂಪಸಾಗರದ ಕಡೆ. ಅಣೆಕಟ್ಟಿನ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟ ಕಥೆಯನ್ನು ನಮ್ಮ ಅತ್ತೆ ಹೇಳುವಾಗ, ದೇಶಕ್ಕೆ ಕರೆಂಟು ಬೇಕಾದಾಗಲೆಲ್ಲ ನಮ್ಮ ಹೊಲವೇ ಯಾಕೆ ಕಣ್ಣಿಗೆ ಬೀಳುತ್ತದೆ ಎಂದು ಕೇಳುತ್ತಾರೆ. ಆ ಪ್ರಶ್ನೆ ಇಲ್ಲಿಯೂ ಕೇಳುವಂಥದ್ದೇ. ಜನ ಕಡಿಮೆ ಇರುವ ಕಡೆ, ಕೂಗಿದರೆ ರಾಜಧಾನಿಗೆ ಕೇಳದ ಕಡೆ, ಕಂಬ ನೆಡುತ್ತಾರೆ. ಆಮೇಲೆ ನ್ಯಾಯ ಕೇಳಿಕೊಂಡು ಬನ್ನಿ ಎನ್ನುತ್ತಾರೆ, ಹೋದರೆ ನ್ಯಾಯವನ್ನೂ ಕೊಡುತ್ತಾರೆ, ಕಂಬ ಮಾತ್ರ ಕೀಳುವುದಿಲ್ಲ.

ಆ ಊರಿನ ಕೋರ್ಟು

ಆ ಬೇರೆ ಕೇಸಿನ ವಿಚಾರಣೆಗೆ ನಾವೂ ಹೋದೆವು. ಕೋರ್ಟೆಂದರೆ ನನಗೆ ಜವಾನನ ಕೂಗು, ಟೈಪಿಸ್ಟರ ಟಕಟಕ, ಮರದಡಿ ಗಂಡ ಹೆಂಡಿರ ಜಗಳ. ಇಲ್ಲಿ ಆಸ್ಪತ್ರೆಯಂಥ ಮೌನ. ಕಕ್ಷಿದಾರರಿಗೂ ಕುರ್ಚಿ ಇತ್ತು, ಕಾಫಿ ಯಂತ್ರ ಇತ್ತು. ನಮ್ಮ ಕಕ್ಷಿದಾರರು ಇಡೀ ದಿನ ಗೋಡೆಗೆ ಒರಗಿ ನಿಲ್ಲುವುದು ನೆನಪಾಗಿ ಹೊಟ್ಟೆ ಉರಿಯಿತು. ಮಾರಿತ್ ತಮ್ಮ ಜನರ ನೀಲಿ ಉಡುಪು ತೊಟ್ಟು, ಕೆಂಪಂಚಿನ ಶಾಲು ಹೊದ್ದು ಸಾಕ್ಷಿಯ ಜಾಗದಲ್ಲಿ ಕೂತಿದ್ದಳು.

ಕಂಪನಿಯ ವಕೀಲ ಮೃದು ಮಾತಿನವನು. ಅಂಥವರ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಅವನು ಕೇಳಿದ, "ಯಂತ್ರ ಬರುವ ಮೊದಲು ನಿಮ್ಮ ಹತ್ತಿರ ಎಷ್ಟು ಹಿಮಸಾರಂಗ ಇದ್ದವು? ಈಗ ಎಷ್ಟಿವೆ? ನೀವೇ ಹೇಳಿ."

ಇಂಗಾ ನನ್ನ ಕಿವಿಯಲ್ಲಿ ಉಸುರಿದಳು, ನಾನು ಮಾವನ ಕಿವಿಯಲ್ಲಿ. ಮಾರಿತ್ ತುಟಿ ಬಿಚ್ಚಲಿಲ್ಲ. ವಕೀಲ ಮತ್ತೆ ಕೇಳಿದ, ಇನ್ನೂ ಮೃದುವಾಗಿ. ಅವನಿಗೆ ಅಂಕಿ ಗೊತ್ತಿಲ್ಲದೆ ಇರಲಿಲ್ಲ, ಸರ್ಕಾರಿ ವರದಿ ಅವನ ಮೇಜಿನ ಮೇಲೇ ಇತ್ತು. ಅವಳ ಬಾಯಿಂದ ಹೊರಡಿಸಬೇಕಿತ್ತು, ಅಷ್ಟೆ. ಅವಳ ಕೊರಳು ಕೆಂಪಾಗುತ್ತ ಹೋಯಿತು.

ಪಕ್ಕದಲ್ಲಿ ಕೋಲು ನೆಲಕ್ಕೆ ಊರಿದ ಸದ್ದಾಯಿತು. ಮಾವ ಎದ್ದು ನಿಂತಿದ್ದ.

"ಏನಪ್ಪಾ ತಮ್ಮ, ಆಕಿ ಹೇಳಂಗಿಲ್ಲ ಅಂತ ಗೊತ್ತಿದ್ದೂ ಯಾಕ ಕೇಳ್ತಿ? ಕಾಯೋರು ಎಣಿಸಂಗಿಲ್ಲ. ಸಂಜಿಗೆ ರೊಪ್ಪಕ್ಕ ಬರ್ಲಾರದ್ದು ಯಾವುದು ಅಂತ ಅಷ್ಟs ನೋಡ್ತೀವಿ."

ಇಡೀ ಕೋರ್ಟು ಹಿಂದೆ ತಿರುಗಿತು. ನಮ್ಮಲ್ಲಾಗಿದ್ದರೆ ಪೊಲೀಸರು ಹೊರಗೆ ಎತ್ತಿಹಾಕುತ್ತಿದ್ದರು. ನಾನು ಅವನ ಅಂಗಿ ಜಗ್ಗಿದೆ. ನ್ಯಾಯಾಧೀಶೆ ಕನ್ನಡಕ ತೆಗೆದು, ಇವರು ಯಾರು, ಏನು ಹೇಳಿದರು ಎಂದು ಕೇಳಿದಳು. ಇಂಗ್ಲಿಷಿಗೆ ತಿರುಗಿಸಿದೆ. ಅವಳು ಕೇಳಿಸಿಕೊಂಡು, ಇನ್ನೊಮ್ಮೆ ಮಾತಾಡಿದರೆ ಹೊರಗೆ ಹೋಗಬೇಕಾಗುತ್ತದೆ ಎಂದು ಮಾವನಿಗೆ ಹೇಳಿದಳು. ಆಮೇಲೆ ವಕೀಲನ ಕಡೆ ತಿರುಗಿ, "ಅಂಕಿ ವರದಿಯಲ್ಲಿದೆ. ಸಾಕ್ಷಿಯಿಂದ ಹೇಳಿಸುವ ಅಗತ್ಯ ಇಲ್ಲ. ಮುಂದಿನ ಪ್ರಶ್ನೆ," ಎಂದಳು.

ಮಾವ ಕೂತ. ಹೊರಗೆ ಬಂದ ಮೇಲೆ ಮಾರಿತ್ ಅವನ ಎರಡೂ ಕೈ ಹಿಡಿದುಕೊಂಡಳು. ಬರುವ ದಾರಿಯಲ್ಲಿ ಮಾವ ನನಗೆ ಹೇಳಿದ, "ನೋಡಿದಿ ಯವ್ವಾ, ಕಾಗದದಾಗ ಐತಿ, ಅಷ್ಟು ಸಾಕು ಅಂದ್ಳು. ನಮ್ಮ ಸಾಹೇಬ್ರಿಗೂ ಹಿಂಗs ಹೇಳೋಣು."

ನಾವು ಹೊರಟ ಬೆಳಗ್ಗೆಯೂ ಆ ಗುಡ್ಡದ ಮೇಲೆ ರೆಕ್ಕೆಗಳು ತಿರುಗುತ್ತಿದ್ದವು. ಈಗಲೂ ತಿರುಗುತ್ತಿವೆ ಎಂದು ಇಂಗಾ ಬರೆದಿದ್ದಾಳೆ.

ಮತ್ತೆ ಕೂಡ್ಲಿಗಿ

ನಮ್ಮ ಹತ್ತಿರವೂ ಅಂಥ ಕಾಗದ ಇತ್ತು. ಪ್ರತಿ ವರ್ಷ ದನದ ಡಾಕ್ಟರು ರೊಪ್ಪಕ್ಕೆ ಬಂದು, ಪಾಪ, ಚಪ್ಪಲಿ ಬಿಟ್ಟೇ ಒಳಗೆ ಹೋಗಿ, ಪ್ರತಿಯೊಂದಕ್ಕೂ ಕಾಲುಬಾಯಿ ರೋಗದ ಸೂಜಿ ಹಾಕುತ್ತಾರೆ. ಎಷ್ಟಕ್ಕೆ ಹಾಕಿದೆ ಎಂದು ತಮ್ಮಷ್ಟಕ್ಕೆ ಬರೆದುಕೊಂಡು ಹೋಗುತ್ತಾರೆ. ಮಾವ ಆಗ ಮುಖ ಆ ಕಡೆ ಮಾಡಿ ನಿಲ್ಲುತ್ತಾನೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲು ಭೂಮಿಯ ಆ ತುದಿಗೆ ಹೋಗಬೇಕಾಯಿತು.

ವಿಚಾರಣೆಯ ದಿನ ನಾನು ಉತ್ಸಾಹದಿಂದಲೇ ಹೇಳಿದೆ, "ಸರ್, ಲೆಕ್ಕ ದನದ ಆಸ್ಪತ್ರೆಯಲ್ಲಿದೆ. ತರಿಸಿಕೊಳ್ಳಿ. ಕಿಲಾರಿ ಬಾಯಿಂದ ಹೇಳಿಸಬೇಡಿ. ಹೇಳಿದರೆ ಅವನು ಮತ್ತೆ ರೊಪ್ಪದೊಳಗೆ ಹೋಗುವ ಹಾಗಿಲ್ಲ."

"ಅದು ಬೇರೆ ಇಲಾಖೆ, ಮೇಡಮ್."

"ಆ ಆಸ್ಪತ್ರೆ ಇಲ್ಲಿಂದ ಕೂಗಳತೆಯಲ್ಲಿದೆ, ಸರ್."

"ಇರಬಹುದು. ಬೇರೆ ಇಲಾಖೆ. ನನಗೆ ಅರ್ಜಿದಾರನ ಹೇಳಿಕೆ ಬೇಕು. ಇವತ್ತು ಇಲ್ಲಾಂದ್ರೆ ಮುಚ್ಚಿದೆ ಅಂತ ಬರೀತೀನಿ." ಪೆನ್ನಿನ ಮುಚ್ಚಳ ತೆಗೆದೂ ಬಿಟ್ಟರು.

ನಾನು ದನಿ ಏರಿಸಿದೆ. ಇದು ಯಾವ ಕಾನೂನಿನಲ್ಲಿದೆ ತೋರಿಸಿ ಎಂದೆ, ಮೇಲ್ಮನವಿ ಹಾಕುತ್ತೇನೆ ಎಂದೆ. ಹಾಕಿ ಎಂದರು. ಮೇಲ್ಮನವಿ ಎಂದರೆ ಎಷ್ಟು ಬೇಸಿಗೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಮಾವನಿಗೂ ಗೊತ್ತಿತ್ತು. ಬೇಲಿ ಬಿದ್ದಂದಿನಿಂದ ಮಂದೆ ರಸ್ತೆಬದಿಯ ಒಣಹುಲ್ಲು ನೆಕ್ಕುತ್ತಿತ್ತು. ಎರಡು ಮುದಿ ಹಸುಗಳನ್ನು ಆಗಲೇ ಮಣ್ಣು ಮಾಡಿದ್ದೆವು.

"ಬಿಡು ಯವ್ವಾ," ಎಂದ ಮಾವ. ಕೋಲನ್ನು ನನ್ನ ಕೈಗೆ ಕೊಟ್ಟ. ತನ್ನ ಕೋಲನ್ನು ಅವನು ಯಾರ ಕೈಗಾದರೂ ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣು ಮುಚ್ಚಿ, ಒಂದೊಂದು ದನವನ್ನೂ ಮನಸ್ಸಿನಲ್ಲೇ ದಾಟಿಸಿಕೊಂಡು, ಅಧಿಕಾರಿಗೆ ಆ ಅಂಕಿ ಹೇಳಿದ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಅಧಿಕಾರಿ ಬರೆದುಕೊಂಡರು. ಪೆನ್ನು ಮುಚ್ಚುತ್ತ ಹೇಳಿದರು, "ಸರಿ. ಮುಂದಿನ ತಿಂಗಳು ಸ್ಥಳಕ್ಕೆ ಬರ್ತೀವಿ. ಬಾಯಿಮಾತು ನಂಬೋಕಾಗಲ್ಲ ನೋಡಿ, ನಾವೇ ಒಂದ್ಸಲ ಎಣಿಸಿಕೊಂಡು ಆಮೇಲೆ ನೋಡೋಣ."

ನಾನು ಏನು ಹೇಳಿದೆ ಎಂದು ನೆನಪಿಲ್ಲ. ಕೂಗಿದೆ ಎಂದು ಹೊರಗಿದ್ದವರು ಹೇಳುತ್ತಾರೆ. ನೀವೇ ಬಂದು ಎಣಿಸುವವರಾಗಿದ್ದರೆ ಈ ಮನುಷ್ಯನ ಬಾಯಿಂದ ಯಾಕೆ ಹೇಳಿಸಿದಿರಿ? ಈಗಲೂ ಅದನ್ನೇ ಕೇಳುತ್ತೇನೆ, ಯಾರು ಸಿಕ್ಕರೂ ಕೇಳುತ್ತೇನೆ. ಹಕ್ಕು ಕೊಡುತ್ತೇವೆ ಎಂದು ಕರೆದು, ಯಾವುದಕ್ಕಾಗಿ ಆ ಹಕ್ಕು ಬೇಕಿತ್ತೋ ಅದನ್ನೇ ಬಾಗಿಲಲ್ಲಿ ಕಸಿದುಕೊಳ್ಳುವ ಈ ಕಾನೂನಿನ ಕೆಲಸಕ್ಕೆ ಏನೆಂದು ಹೆಸರಿಡುವುದು?

ರೊಪ್ಪ

ಅಂದು ಹಟ್ಟಿಗೆ ಬಂದಾಗ ಮಂದೆ ರೊಪ್ಪ ಸೇರುವ ಹೊತ್ತು. ನಾನು ದಾರಿಯಲ್ಲೇ ನಿಂತೆ. ಮಾವ ನನ್ನ ಕೈಯಿಂದ ಕೋಲು ತೆಗೆದುಕೊಂಡು, ರೊಪ್ಪದ ಮುಳ್ಳುಬೇಲಿಗೆ ಆನಿಸಿ ನಿಲ್ಲಿಸಿದ. ನಾಳೆ ಯಾರು ಕಿಲಾರಿ ಆಗುತ್ತಾರೋ ಅವರು ತೆಗೆದುಕೊಳ್ಳಲಿ ಎಂಬಂತೆ. ದನಗಳು ಒಂದೊಂದಾಗಿ ಒಳಗೆ ಹೋದವು. ಮಂದೆಯ ಮುಂದೆ ನಡೆಯುವ ಎತ್ತು ಮಾತ್ರ ಬಾಗಿಲಲ್ಲಿ ನಿಂತು, ಇವನು ಯಾಕೆ ಬರಲಿಲ್ಲ ಎಂದು ಹಿಂದಕ್ಕೆ ನೋಡಿತು.

"ಹೋಗೋ, ನಡಿ ಒಳಗ," ಎಂದ ಮಾವ. ಅದು ಹೋಯಿತು.

"ಯಾರಿಗೂ ಹೇಳೋದು ಬ್ಯಾಡ ಮಾವ. ಹಟ್ಟಿಯೋರು ನಾವಿಬ್ರs ಇದ್ವಿ ಅಲ್ಲಿ," ಎಂದೆ. ವಕೀಲೆಯಾಗಿ ನನಗೆ ಹೊಳೆದದ್ದು ಅಷ್ಟೇ.

"ನಾ ಇದ್ನಲ್ಲವ್ವ," ಎಂದ.

ಬೇಲಿಯ ಬಾಗಿಲಲ್ಲಿ ಚಪ್ಪಲಿ ಬಿಡುವ ಒಂದು ಕಲ್ಲಿದೆ. ಮಾವ ಎಂದಿನಂತೆ ಅದರ ಮೇಲೆ ಕೂತು ಚಪ್ಪಲಿ ಕಳಚಿ ಒಪ್ಪವಾಗಿ ಜೋಡಿಸಿಟ್ಟ. ಆಮೇಲೆ ಎದ್ದು, ಒಳಗೆ ಹೋಗದೆ, ಬೇಲಿಯ ಈಚೆಗೆ ಬರಿಗಾಲಲ್ಲಿ ನಿಂತುಕೊಂಡ.